ಕೆಲಸ ಪೆನ್ಸಿಲ್ವೇನಿಯಾದಲ್ಲಿ, ಮನೆ ನ್ಯೂಜೆರ್ಸಿಯಲ್ಲಿ: ಹಿಡಿದ ಸ್ಟೇಟ್ ಟ್ಯಾಕ್ಸ್ ವಾಪಸ್ ಬರುತ್ತಾ?

ತಿಪಟೂರು ತೆಂಗು · 2025 ಮಾರ್ಚ್ 2

ಎಲ್ಲರಿಗೂ ನಮಸ್ಕಾರ. ನಾವಿರುವುದು ಚೆರ್ರಿ ಹಿಲ್‌ನಲ್ಲಿ, ಬಾಡಿಗೆ ಮನೆ. ನನ್ನ ಆಫೀಸು ಸೇತುವೆ ದಾಟಿ ಆ ಕಡೆ, ಪೆನ್ಸಿಲ್ವೇನಿಯಾದ ಮಾಲ್ವರ್ನ್‌ನಲ್ಲಿ. 2024ರ ಜನವರಿಯಲ್ಲಿ ಸೇರಿದೆ. ಹೆಂಡತಿ ಎಚ್-4 (ಅವಲಂಬಿತರ ವೀಸಾ), ಸಂಬಳ ಇಲ್ಲ.

2024ರ ಡಬ್ಲ್ಯೂ-2 (ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸಿ ಕಂಪನಿ ಕೊಡುವ ಕಾಗದ) ಬಂದಿದೆ. ಬಾಕ್ಸ್ 15ರಲ್ಲಿ ಪಿಎ (ಪೆನ್ಸಿಲ್ವೇನಿಯಾ) ಅಂತ ಒಂದೇ ಸಾಲು. ಬಾಕ್ಸ್ 16ರಲ್ಲಿ ಸಂಬಳ 96,000 ಡಾಲರ್. ಬಾಕ್ಸ್ 17ರಲ್ಲಿ ಹಿಡಿದ ತೆರಿಗೆ 2,947. ನ್ಯೂಜೆರ್ಸಿಯ ಹೆಸರೇ ಇಲ್ಲ. ವರ್ಷಪೂರ್ತಿ ಪೆನ್ಸಿಲ್ವೇನಿಯಾಕ್ಕೇ ಹಿಡಿದಿದ್ದಾರೆ.

ಸಾಫ್ಟ್‌ವೇರ್‌ನಲ್ಲಿ ಫೆಡರಲ್ (ಕೇಂದ್ರದ ತೆರಿಗೆ) ಮುಗಿಸಿ ಸ್ಟೇಟ್ ಭಾಗಕ್ಕೆ ಬಂದರೆ ಪೆನ್ಸಿಲ್ವೇನಿಯಾ ರಿಫಂಡ್ 0 ಅಂತಿದೆ. ನ್ಯೂಜೆರ್ಸಿಯಲ್ಲಿ "ಬೇರೆ ರಾಜ್ಯಕ್ಕೆ ಕಟ್ಟಿದ ತೆರಿಗೆಯ ಕ್ರೆಡಿಟ್" ಅಂತ, ಅಂದರೆ ಅಷ್ಟನ್ನು ಇಲ್ಲಿನ ತೆರಿಗೆಯಲ್ಲಿ ಕಳೆದು, ಅಲ್ಲೂ 0 ಮಾಡಿದೆ. ನೋಡೋಕೆ ಲೆಕ್ಕ ಚುಕ್ತಾ ಆದ ಹಾಗಿದೆ. ಆದರೆ ಜೊತೆಗೆ ಕೆಲಸ ಮಾಡುವವರೊಬ್ಬರು "ಪೆನ್ಸಿಲ್ವೇನಿಯಾ ದುಡ್ಡು ಪೂರ್ತಿ ವಾಪಸ್ ಬರಬೇಕು, ನ್ಯೂಜೆರ್ಸಿಗೆ ಬೇರೆ ಕಟ್ಟಬೇಕು" ಅಂತಾರೆ. ಎರಡು ರಾತ್ರಿ ಕೂತು ನೋಡಿದೆ, ತಲೆಗೆ ಹತ್ತುತ್ತಿಲ್ಲ. ಯಾವುದು ಸರಿ? ಸಾಫ್ಟ್‌ವೇರ್‌ನಲ್ಲಿ ಎಲ್ಲಿ ಬದಲಾಯಿಸಬೇಕು?

ಎಡಿಸನ್ ಎಕ್ಸ್‌ಪ್ರೆಸ್

ಎರಡೂ ಕಡೆ 0 ಬಂತಲ್ಲ, ಸುಮ್ನೆ ಸಬ್ಮಿಟ್ ಮಾಡಿ. ನಾನು ಎಡಿಸನ್‌ನಿಂದ ಮ್ಯಾನ್‌ಹ್ಯಾಟನ್‌ಗೆ ಹೋಗಿ ಬರುತ್ತೇನೆ. ನ್ಯೂಯಾರ್ಕ್‌ಗೆ ಕಟ್ಟಿದ್ದಕ್ಕೆ ನ್ಯೂಜೆರ್ಸಿ ಕ್ರೆಡಿಟ್ ಕೊಡುತ್ತದೆ. ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಯಾರೂ ಕೇಳಿಲ್ಲ.

ಶರಾವತಿ ತೀರ

ದಯವಿಟ್ಟು ಸಬ್ಮಿಟ್ ಮಾಡಬೇಡಿ. ಎಡಿಸನ್ ಅವರು ಹೇಳಿದ್ದು ನ್ಯೂಯಾರ್ಕ್‌ಗೆ ಸರಿ, ಪೆನ್ಸಿಲ್ವೇನಿಯಾಕ್ಕೆ ತಪ್ಪು.

ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾ ನಡುವೆ ಪರಸ್ಪರ ಒಪ್ಪಂದ ಇದೆ. ಈ ಕಡೆ ಇದ್ದು ಆ ಕಡೆ ದುಡಿದರೆ, ಸಂಬಳದ ಮೇಲಿನ ತೆರಿಗೆ ಮನೆ ಇರುವ ರಾಜ್ಯಕ್ಕೆ ಮಾತ್ರ. ನ್ಯೂಯಾರ್ಕ್ ಜೊತೆ ಅಂಥ ಒಪ್ಪಂದ ಇಲ್ಲ, ಅದಕ್ಕೇ ಅಲ್ಲಿ ಕ್ರೆಡಿಟ್ ದಾರಿ. ನಿಮ್ಮ ವಿಷಯದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋದ 2,947 ಡಾಲರ್ ಅವರಿಗೆ ಸಲ್ಲುವ ದುಡ್ಡೇ ಅಲ್ಲ. ಸಲ್ಲದ ದುಡ್ಡಿಗೆ ನ್ಯೂಜೆರ್ಸಿ ಕ್ರೆಡಿಟ್ ಕೊಡುವುದಿಲ್ಲ. ಹೀಗೇ ಕಳಿಸಿದರೆ ಒಂದು ದಿನ ನ್ಯೂಜೆರ್ಸಿಯಿಂದ ಬಡ್ಡಿ ಸಮೇತ ಬಿಲ್ ಬರುತ್ತದೆ. ಅಷ್ಟು ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲಿ ರಿಫಂಡ್ ಕೇಳುವ ಮೂರು ವರ್ಷದ ಗಡುವು ದಾಟಿ ಹೋಗಿದ್ದರೆ ಎರಡು ಕಡೆಯೂ ಹೋಯಿತು.

ಮಾಡಬೇಕಾದ್ದು ಇಷ್ಟು. ಪೆನ್ಸಿಲ್ವೇನಿಯಾಕ್ಕೆ ಪಿಎ-40 ಅನ್ನುವ ರಿಟರ್ನ್, ನಾನ್-ರೆಸಿಡೆಂಟ್ (ಅಲ್ಲಿನ ನಿವಾಸಿ ಅಲ್ಲ) ಅಂತ. ಅದರಲ್ಲಿ ಸಾಲು 1ಎ, ಅಂದರೆ ಸಂಬಳ, ಸೊನ್ನೆ ಇರಬೇಕು. ಸಾಲು 13ರಲ್ಲಿ ಹಿಡಿದ ತೆರಿಗೆ 2,947 ಇರಬೇಕು. ಆಗ ಪೂರ್ತಿ ರಿಫಂಡ್ ಬರುತ್ತದೆ. ನ್ಯೂಜೆರ್ಸಿಗೆ ಎನ್‌ಜೆ-1040 ಅನ್ನುವ ರಿಟರ್ನ್, ಪೂರ್ತಿ ಸಂಬಳ ತೋರಿಸಿ, ಕ್ರೆಡಿಟ್ ಇಲ್ಲದೆ. ಅಲ್ಲಿ ಬಂದಷ್ಟು ಏಪ್ರಿಲ್ 15ರೊಳಗೆ ಕಟ್ಟಿ.

ಎಡಿಸನ್ ಎಕ್ಸ್‌ಪ್ರೆಸ್

ಒಪ್ಪಿದೆ ಮೇಡಂ. ಪೆನ್ಸಿಲ್ವೇನಿಯಾಕ್ಕೆ ಬೇರೆ ನಿಯಮ ಇದೆ ಅಂತ ನನಗೆ ಗೊತ್ತಿರಲಿಲ್ಲ. ತೆಂಗು ಅವರೇ, ನನ್ನ ಮಾತು ಬಿಡಿ.

ಮಂಡ್ಯ ಮಣ್ಣು

ಅಲ್ಲ, ಇವರು ಏಪ್ರಿಲ್‌ನಲ್ಲೇ ನ್ಯೂಜೆರ್ಸಿಗೆ ಕೈಯಿಂದ ಕಟ್ಟಬೇಕು, ಪೆನ್ಸಿಲ್ವೇನಿಯಾ ಮಾತ್ರ ತಿಂಗಳುಗಟ್ಟಲೆ ಬಿಟ್ಟು ಕೊಡುತ್ತೆ! ಕಂಪನಿಯವರ ತಪ್ಪಿಗೆ ನೌಕರ ಯಾಕೆ ದುಡ್ಡು ಹೊಂದಿಸಬೇಕು? ಡಬ್ಲ್ಯೂ-2 ತಿದ್ದಿಕೊಡಿ ಅಂತ ಕೇಳಬೇಕು.

ಶರಾವತಿ ತೀರ

ಮಂಡ್ಯದವರ ಸಿಟ್ಟು ನ್ಯಾಯವಾದದ್ದೇ. ಆದರೆ ಡಬ್ಲ್ಯೂ-2ರಲ್ಲಿ ತಪ್ಪೇನೂ ಇಲ್ಲ. ದುಡ್ಡು ನಿಜವಾಗಿ ಪೆನ್ಸಿಲ್ವೇನಿಯಾಕ್ಕೇ ಹೋಗಿದೆ, ಅದನ್ನೇ ಅವರು ಬರೆದಿದ್ದಾರೆ. ವರ್ಷ ಮುಗಿದ ಮೇಲೆ ಅದನ್ನು ವಾಪಸ್ ತರಿಸುವ ದಾರಿ ರಿಟರ್ನ್ ಒಂದೇ. ಕಂಪನಿಗೆ ಕೊಡಬೇಕಾದ್ದು ರೆವ್-419 ಅನ್ನುವ ಅರ್ಜಿ. "ನಾನು ನ್ಯೂಜೆರ್ಸಿ ನಿವಾಸಿ, ಪೆನ್ಸಿಲ್ವೇನಿಯಾ ತೆರಿಗೆ ಹಿಡಿಯಬೇಡಿ" ಅಂತ. ಅದನ್ನು ನಾಳೆಯೇ ಎಚ್‌ಆರ್‌ಗೆ ಕೊಡಿ, ಇಲ್ಲದಿದ್ದರೆ ಮುಂದಿನ ಮಾರ್ಚ್‌ನಲ್ಲೂ ಇದೇ ಗೋಳು.

ಕುಡ್ಲದ ಮೀನು

ಸಾಫ್ಟ್‌ವೇರ್ ಪ್ರಶ್ನೆಗೆ ನಾನು ಹೇಳ್ತೇನೆ ಮಾರಾಯ್ರೆ, ಹೋದ ವರ್ಷ ನನ್ನ ತಮ್ಮನಿಗೆ ಮಾಡಿಕೊಟ್ಟಿದ್ದೇನೆ.

ಡಬ್ಲ್ಯೂ-2 ತುಂಬುವ ಜಾಗದಲ್ಲಿ ಏನನ್ನೂ ಮುಟ್ಟಬೇಡಿ. ತುಂಬ ಜನ ಅಲ್ಲೇ ಬಾಕ್ಸ್ 16 ಅಳಿಸಿ ಸೊನ್ನೆ ಮಾಡುತ್ತಾರೆ, ಇಲ್ಲವೇ ಪಿಎ ತೆಗೆದು ಎನ್‌ಜೆ ಅಂತ ಹಾಕುತ್ತಾರೆ. ಅದು ದೊಡ್ಡ ತಪ್ಪು. ಕಾಗದದಲ್ಲಿ ಇದ್ದದ್ದು ಇದ್ದ ಹಾಗೇ ಇರಬೇಕು, ಯಾಕೆಂದರೆ ಕಂಪನಿ ಕಳಿಸಿದ ಲೆಕ್ಕದ ಜೊತೆ ರಾಜ್ಯದವರು ತಾಳೆ ನೋಡುತ್ತಾರೆ.

ಬದಲಾಯಿಸಬೇಕಾದ್ದು ಸ್ಟೇಟ್ ಭಾಗದಲ್ಲಿ. ಪೆನ್ಸಿಲ್ವೇನಿಯಾ ತೆರೆಯಿರಿ, ನಾನ್-ರೆಸಿಡೆಂಟ್ ಆರಿಸಿ. ಸಂಬಳದ ಪುಟದಲ್ಲಿ "ಒಪ್ಪಂದ ಇರುವ ರಾಜ್ಯದ ನಿವಾಸಿಯೇ" ಅನ್ನುವ ಅರ್ಥದ ಪ್ರಶ್ನೆ ಬರುತ್ತದೆ. ಕೆಲವು ಸಾಫ್ಟ್‌ವೇರ್‌ನಲ್ಲಿ ಆ ಪ್ರಶ್ನೆ ಇರುವುದಿಲ್ಲ, ಪೆನ್ಸಿಲ್ವೇನಿಯಾ ತೆರಿಗೆಗೆ ಬರುವ ಸಂಬಳ ಎಷ್ಟು ಅಂತ ಒಂದು ಖಾನೆ ಇರುತ್ತದೆ. ಅಲ್ಲಿ ಸೊನ್ನೆ ಹಾಕಿ. ಹಿಡಿದ ತೆರಿಗೆಯ ಖಾನೆ ಮುಟ್ಟಬೇಡಿ.

ಇದು ಮುಗಿದ ಮೇಲೆಯೇ ನ್ಯೂಜೆರ್ಸಿ ತೆರೆಯಿರಿ. ಯಾವಾಗಲೂ ಹೊರ ರಾಜ್ಯ ಮೊದಲು, ಮನೆಯ ರಾಜ್ಯ ಆಮೇಲೆ. ಇಲ್ಲದಿದ್ದರೆ ಹಳೆಯ ಕ್ರೆಡಿಟ್ ಅಲ್ಲೇ ಕೂತಿರುತ್ತದೆ.

ತಿಪಟೂರು ತೆಂಗು

ಸಿಕ್ಕಿತು! ಶುರುವಿನಲ್ಲೇ "ಬೇರೆ ರಾಜ್ಯದಲ್ಲಿ ದುಡಿದಿದ್ದೀರಾ" ಅಂದಾಗ ಹೌದು ಅಂದಿದ್ದೆ. ಅದು ನೇರವಾಗಿ 96,000 ಪೂರ್ತಿ ಪೆನ್ಸಿಲ್ವೇನಿಯಾ ಆದಾಯ ಅಂತ ತೆಗೆದುಕೊಂಡಿತ್ತು. ಒಪ್ಪಂದದ ಪ್ರಶ್ನೆ ಒಳಗಿನ ಪುಟದ ಕೆಳಗಡೆ, ಸಣ್ಣ ಅಕ್ಷರದಲ್ಲಿ ಇತ್ತು. ಟಿಕ್ ಮಾಡಿದ ಕೂಡಲೇ ಪೆನ್ಸಿಲ್ವೇನಿಯಾ ರಿಫಂಡ್ 2,947 ಅಂತ ಹಸಿರಾಯಿತು. ನ್ಯೂಜೆರ್ಸಿಗೆ ಕಟ್ಟಬೇಕಾದ್ದು ಸುಮಾರು 2,418 ಅಂತ ಕೆಂಪಾಯಿತು.

ಒಂದು ಅರ್ಥ ಆಗಲಿಲ್ಲ. ನ್ಯೂಜೆರ್ಸಿ ಅಂದರೆ ತೆರಿಗೆ ಜಾಸ್ತಿ ಅಂತಾರೆ. ಇಲ್ಲಿ ಕಡಿಮೆ ಬಂದಿದೆಯಲ್ಲ?

ಕುಡ್ಲದ ಮೀನು

ಪೆನ್ಸಿಲ್ವೇನಿಯಾದಲ್ಲಿ ಎಲ್ಲರಿಗೂ ಒಂದೇ ದರ, 3.07 ಶೇಕಡಾ. ಮೊದಲ ಡಾಲರ್‌ನಿಂದಲೇ. ನ್ಯೂಜೆರ್ಸಿಯಲ್ಲಿ ಮೆಟ್ಟಿಲು ಮೆಟ್ಟಿಲು, 1.4ರಿಂದ ಶುರುವಾಗಿ ಮೇಲೆ 10.75ರವರೆಗೆ. ಗಂಡ ಹೆಂಡತಿ ಸೇರಿ ಫೈಲ್ ಮಾಡಿದರೆ ಮೊದಲ 20,000ಕ್ಕೆ 1.4, ಅಲ್ಲಿಂದ 50,000ದವರೆಗೆ 1.75. ನಿಮ್ಮ ಸಂಬಳಕ್ಕೆ ಅದೇ ಅಗ್ಗ. ಎರಡು ಲಕ್ಷ ದುಡಿಯುವವರಿಗೆ ಕತೆ ಉಲ್ಟಾ.

ಶರಾವತಿ ತೀರ

ತೆಂಗು ಅವರೇ, ಬಾಡಿಗೆ ಎಷ್ಟು ಕಟ್ಟುತ್ತೀರಿ? ನ್ಯೂಜೆರ್ಸಿಯಲ್ಲಿ ಬಾಡಿಗೆಯ 18 ಶೇಕಡಾವನ್ನು ಆಸ್ತಿ ತೆರಿಗೆ ಅಂತ ಲೆಕ್ಕ ಹಿಡಿದು ಆದಾಯದಿಂದ ಕಳೆಯಬಹುದು. ಮನೆ ಇದ್ದವರಿಗೆ ಮಾತ್ರ ಅಂದುಕೊಂಡು ಬಾಡಿಗೆಯವರು ಆ ಪುಟವನ್ನೇ ದಾಟಿಸಿಬಿಡುತ್ತಾರೆ.

ಇನ್ನೊಂದು. ಬಾಕ್ಸ್ 16ರಲ್ಲಿರುವುದು ಪೆನ್ಸಿಲ್ವೇನಿಯಾ ಲೆಕ್ಕದ ಸಂಬಳ. ಅವರು 401(ಕೆ) ಅನ್ನುವ ನಿವೃತ್ತಿ ಉಳಿತಾಯಕ್ಕೆ ಹಾಕಿದ್ದನ್ನೂ ಸೇರಿಸಿ ತೆರಿಗೆ ಹಾಕುತ್ತಾರೆ, ನ್ಯೂಜೆರ್ಸಿ ಅದನ್ನು ಬಿಡುತ್ತದೆ. ಸಂಬಳದಲ್ಲಿ ಮುರಿದ ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ ಮಾತ್ರ ನ್ಯೂಜೆರ್ಸಿ ಕಳೆಯಲು ಬಿಡುವುದಿಲ್ಲ. ಹಾಗಾಗಿ ಡಿಸೆಂಬರ್ ಕೊನೆಯ ಪೇಸ್ಲಿಪ್ ಪಕ್ಕದಲ್ಲಿ ಇಟ್ಟುಕೊಂಡು ನ್ಯೂಜೆರ್ಸಿ ಸಂಬಳ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಸಾಫ್ಟ್‌ವೇರ್ ಬಾಕ್ಸ್ 16ನ್ನೇ ಎತ್ತಿ ಅಲ್ಲಿ ಹಾಕಿರುತ್ತದೆ.

ತಿಪಟೂರು ತೆಂಗು

ಅಕ್ಕ, ಬಾಡಿಗೆ ತಿಂಗಳಿಗೆ 2,000. ವರ್ಷಕ್ಕೆ 24,000, ಅದರ 18 ಶೇಕಡಾ ಅಂದರೆ 4,320. ಹಾಕಿದ ಮೇಲೆ ನ್ಯೂಜೆರ್ಸಿ 2,418ರಿಂದ ಸುಮಾರು 2,180ಕ್ಕೆ ಇಳಿಯಿತು. ನಿಮ್ಮಿಂದ ಇನ್ನೂರಮೂವತ್ತು ಚಿಲ್ಲರೆ ಡಾಲರ್ ಉಳಿಯಿತು!

ಪೇಸ್ಲಿಪ್ ನೋಡಿದೆ. 401(ಕೆ) ಇನ್ನೂ ಶುರು ಮಾಡಿಲ್ಲ, ಪ್ರೀಮಿಯಂ ಕಂಪನಿಯೇ ಕಟ್ಟುತ್ತದೆ. ಹಾಗಾಗಿ 96,000 ಎರಡು ಕಡೆಯೂ ಅದೇ.

ಮಂಡ್ಯ ಮಣ್ಣು

ಇಷ್ಟೆಲ್ಲ ತಲೆನೋವು ಯಾಕೆ ಸ್ವಾಮಿ? ನೂರೈವತ್ತು ಡಾಲರ್ ಬಿಸಾಕಿದರೆ ನಮ್ಮವರೇ ಫೋನಿನಲ್ಲಿ ಮಾಡಿಕೊಡುತ್ತಾರೆ. ನನ್ನದು ಆರು ವರ್ಷದಿಂದ ಅವರೇ ನೋಡುತ್ತಿದ್ದಾರೆ.

ಶರಾವತಿ ತೀರ

ಒಳ್ಳೆಯ ಸಿಪಿಎ (ಲೈಸೆನ್ಸ್ ಇರುವ ಅಕೌಂಟೆಂಟ್) ಸಿಕ್ಕಿದರೆ ಧಾರಾಳವಾಗಿ ಕೊಡಿ. ಆದರೆ ಒಂದು ಕೇಳುತ್ತೇನೆ. ನಿಮ್ಮ ರಿಟರ್ನ್‌ನ ಕೊನೆಯ ಪುಟದಲ್ಲಿ ಅವರ ಸಹಿ ಮತ್ತು ಪಿಟಿಐಎನ್ ನಂಬರ್ (ರಿಟರ್ನ್ ತಯಾರಿಸುವವರ ಗುರುತಿನ ಸಂಖ್ಯೆ) ಇದೆಯಾ? ದುಡ್ಡು ತೆಗೆದುಕೊಂಡು ರಿಟರ್ನ್ ತಯಾರಿಸುವವರು ಅದನ್ನು ಹಾಕಲೇಬೇಕು. ಸಹಿ ಹಾಕದೆ "ನೀವೇ ಮಾಡಿಕೊಂಡ ಹಾಗೆ" ಕಳಿಸುವವರು ತುಂಬ ಇದ್ದಾರೆ. ಏನಾದರೂ ಎಡವಟ್ಟಾದರೆ ಫೋನ್ ಎತ್ತುವುದಿಲ್ಲ. "ರಿಫಂಡ್ ಜಾಸ್ತಿ ಮಾಡಿಸಿಕೊಡ್ತೀನಿ, ಅದರಲ್ಲಿ ಇಷ್ಟು ಪಾಲು ಕೊಡಿ" ಅನ್ನುವವರ ಹತ್ತಿರವಂತೂ ಹೋಗಲೇಬೇಡಿ.

ಮಂಡ್ಯ ಮಣ್ಣು

ಈಗ ತೆಗೆದು ನೋಡಿದೆ. 2023ರದ್ದರಲ್ಲಿ ಆ ಜಾಗ ಖಾಲಿ ಇದೆ. ಇವತ್ತೇ ಫೋನ್ ಮಾಡಿ ಕೇಳುತ್ತೇನೆ.

ಹೊಸಬ

ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ಬಂದು ನಾಲ್ಕು ತಿಂಗಳಾಯಿತು. ಸ್ಟೇಟ್‌ಗೂ ಬೇರೆ ಇನ್‌ಕಮ್ ಟ್ಯಾಕ್ಸಾ? ಬೆಂಗಳೂರಲ್ಲಿ ಒಂದೇ ಐಟಿಆರ್ ಹಾಕುತ್ತಿದ್ದೆವು.

ಕುಡ್ಲದ ಮೀನು

ಊರಲ್ಲಿ ಸಂಬಳದ ಇನ್‌ಕಮ್ ಟ್ಯಾಕ್ಸ್ ಕೇಂದ್ರದ್ದು ಮಾತ್ರ. ರಾಜ್ಯಕ್ಕೆ ಅಂತ ಸಂಬಳದಲ್ಲಿ ಹಿಡಿಯುತ್ತಿದ್ದದ್ದು ತಿಂಗಳಿಗೆ 200 ರೂಪಾಯಿ ಪ್ರೊಫೆಷನಲ್ ಟ್ಯಾಕ್ಸ್. ಇಲ್ಲಿ ಒಂದೊಂದು ರಾಜ್ಯಕ್ಕೂ ಬೇರೆ ಕಾನೂನು, ಬೇರೆ ಫಾರಂ, ಬೇರೆ ರಿಫಂಡ್. ಟೆಕ್ಸಾಸ್, ಫ್ಲೋರಿಡಾದಲ್ಲಿ ಸಂಬಳಕ್ಕೆ ಸ್ಟೇಟ್ ಟ್ಯಾಕ್ಸೇ ಇಲ್ಲ. ನೀವು ಎಲ್ಲಿದ್ದೀರಿ?

ಹೊಸಬ

ಡಾಲಸ್.

ಕುಡ್ಲದ ಮೀನು

ಹಾಗಾದರೆ ಆರಾಮಾಗಿ ಮಲಗಿ. ಫೆಡರಲ್ ಒಂದೇ.

ಸನಿವೇಲ್ ಸಂಪಿಗೆ

ಡಾಲಸ್ ಅಂದ ಕೂಡಲೇ ಹೇಳಬೇಕು ಅನ್ನಿಸಿತು. ನಾವು 2023ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಬಿಟ್ಟು ಆಸ್ಟಿನ್‌ಗೆ ಹೋದೆವು. ಪೇರೋಲ್‌ನವರು ಅಕ್ಟೋಬರ್‌ವರೆಗೂ ಕ್ಯಾಲಿಫೋರ್ನಿಯಾ ತೆರಿಗೆ ಹಿಡಿಯುತ್ತಲೇ ಇದ್ದರು. ಸಾಫ್ಟ್‌ವೇರ್‌ನಲ್ಲಿ ಹೋದ ತಾರೀಕು ಹಾಕಿ, ಪಾರ್ಟ್-ಇಯರ್ (ವರ್ಷದ ಒಂದು ಭಾಗ ಮಾತ್ರ ನಿವಾಸಿ) ಅಂತ ಕ್ಯಾಲಿಫೋರ್ನಿಯಾದ 540ಎನ್‌ಆರ್ ಫಾರಂ ಮಾಡಿದೆವು. ಆ ಮೂರು ತಿಂಗಳದ್ದು ವಾಪಸ್ ಬಂತು. ಟೆಕ್ಸಾಸ್ ಲೀಸ್, ಹೊಸ ಲೈಸೆನ್ಸು, ಕರೆಂಟ್ ಬಿಲ್ಲು ಎಲ್ಲ ಇನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಆದರೆ ಅಲ್ಲಿದ್ದಾಗ ದುಡಿದು, ಇಲ್ಲಿಗೆ ಬಂದ ಮೇಲೆ ಕೈಗೆ ಬಂದ ಆರ್‌ಎಸ್‌ಯು (ಕಂಪನಿ ಸಂಬಳದ ಭಾಗವಾಗಿ ಕೊಡುವ ಷೇರು) ಇತ್ತಲ್ಲ, ಅದರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದ ದಿನಗಳ ಪಾಲಿಗೆ ಅಲ್ಲೇ ತೆರಿಗೆ. ಅದನ್ನು ಮರೆಯಬೇಡಿ.

ರಾಕ್‌ವಿಲ್ ರಾಗಿ

ಮೇರಿಲ್ಯಾಂಡ್‌ನಲ್ಲಿ ಇದ್ದು ವರ್ಜೀನಿಯಾದಲ್ಲಿ ಕೆಲಸ ಮಾಡುವವರಿಗೂ ಇದೇ ಕತೆ. ಅಲ್ಲಿ ಫಾರಂ 763-ಎಸ್ ಅಂತ ಒಂದು ಪ್ರತ್ಯೇಕ ಫಾರಂ ಇದೆ, ಬರೀ ತಪ್ಪಿ ಹಿಡಿದ ತೆರಿಗೆ ವಾಪಸ್ ಕೇಳೋಕೆ. ಸಾಫ್ಟ್‌ವೇರ್ ತಾನಾಗಿ ಸಾಮಾನ್ಯ 763 ಫಾರಂ ತೆರೆಯುತ್ತದೆ, ಆ "ಎಸ್" ನೋಡಿಕೊಳ್ಳಿ. ನನ್ನ ಹೆಂಡತಿಗೆ ಮೊದಲ ವರ್ಷ ಅದೇ ಗೊಂದಲ ಆಗಿತ್ತು.

ಪೆನ್ಸಿಲ್ವೇನಿಯಾಕ್ಕೆ ನ್ಯೂಜೆರ್ಸಿ ಮಾತ್ರ ಅಲ್ಲ, ಮೇರಿಲ್ಯಾಂಡ್, ಒಹಾಯೋ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾ, ಇಂಡಿಯಾನಾ ಜೊತೆಗೂ ಒಪ್ಪಂದ ಇದೆ.

ಶರಾವತಿ ತೀರ

ಹೌದು. ನ್ಯೂಜೆರ್ಸಿ ಒಪ್ಪಂದ 1977ರಿಂದ ಇದೆ. 2016ರಲ್ಲಿ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಅದನ್ನು ರದ್ದು ಮಾಡುತ್ತೇನೆ, 2017ರ ಜನವರಿಯಿಂದ ಇರುವುದಿಲ್ಲ ಅಂದುಬಿಟ್ಟಿದ್ದರು. ಆ ಸೆಪ್ಟೆಂಬರ್‌ನಿಂದ ನಮ್ಮ ಮನೆಯಲ್ಲಿ ದಿನಾ ಅದೇ ಮಾತು, ಮನೆ ಬದಲಾಯಿಸೋಣವಾ ಅಂತ. ನವೆಂಬರ್‌ನಲ್ಲಿ ಆ ನಿರ್ಧಾರ ವಾಪಸ್ ತೆಗೆದುಕೊಂಡರು. ಅವತ್ತು ಮನೆಯಲ್ಲಿ ಪಾಯಸ ಮಾಡಿದ್ದೆ.

ಬೆಣ್ಣೆ ಬಿಸ್ಕತ್ತು

ನಂದು ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ಸಿಟಿ ಒಳಗೇ ಆಫೀಸು, ಮನೆ ನ್ಯೂಜೆರ್ಸಿಯ ವೂರ್‌ಹೀಸ್‌ನಲ್ಲಿ. ಸಿಟಿ ವೇಜ್ ಟ್ಯಾಕ್ಸ್ (ಸಂಬಳದ ಮೇಲೆ ಸಿಟಿ ಹಾಕುವ ತೆರಿಗೆ) ಅಂತ ಹಿಡಿದಿದ್ದಾರೆ. ಅದೂ ಈ ಒಪ್ಪಂದದಲ್ಲಿ ಬರುತ್ತಾ?

ಶರಾವತಿ ತೀರ

ಇಲ್ಲ. ಒಪ್ಪಂದ ರಾಜ್ಯದ ತೆರಿಗೆಗೆ ಮಾತ್ರ, ಸಿಟಿಯದ್ದು ಬೇರೆ. ಆದರೆ ಸಮಾಧಾನದ ವಿಷಯ ಏನೆಂದರೆ, ಸಿಟಿಗೆ ಕಟ್ಟಿದ್ದಕ್ಕೆ ನ್ಯೂಜೆರ್ಸಿ ಕ್ರೆಡಿಟ್ ಕೊಡುತ್ತದೆ. ಎನ್‌ಜೆ-ಸಿಓಜೆ ಅನ್ನುವ ಷೆಡ್ಯೂಲ್. ಸಾಫ್ಟ್‌ವೇರ್‌ನಲ್ಲಿ ಬಾಕ್ಸ್ 18, 19, 20 (ಸಿಟಿ ಲೆಕ್ಕದ ಸಂಬಳ, ತೆರಿಗೆ, ಸಿಟಿಯ ಹೆಸರು) ಸರಿಯಾಗಿ ತುಂಬಿದ್ದೀರಾ ನೋಡಿ, ಕ್ರೆಡಿಟ್ ಪುಟದಲ್ಲಿ ಫಿಲಡೆಲ್ಫಿಯಾ ಅಂತ ಹೆಸರು ಕೊಡಿ.

ಕಂಪನಿಯೇ ಮನೆಯಿಂದ ಕೆಲಸ ಮಾಡಿ ಅಂತ ಹೇಳಿದ್ದ ದಿನಗಳಿದ್ದರೆ ಅಷ್ಟು ದಿನದ ವೇಜ್ ಟ್ಯಾಕ್ಸ್ ಸಿಟಿಯಿಂದಲೇ ವಾಪಸ್ ಕೇಳಬಹುದು. ಕಂಪನಿಯಿಂದ ಪತ್ರ ಬೇಕು. ನಿಮ್ಮ ಇಷ್ಟಕ್ಕೆ ಮನೆಯಲ್ಲಿ ಕೂತ ದಿನ ಲೆಕ್ಕಕ್ಕಿಲ್ಲ. ಅದನ್ನು ಸಿಟಿಯ ಟ್ಯಾಕ್ಸ್ ಸೆಂಟರ್ ಪೋರ್ಟಲ್‌ನಲ್ಲೇ ಹಾಕಬೇಕು. ಸಿಟಿಯಿಂದ ವಾಪಸ್ ಪಡೆದಷ್ಟಕ್ಕೆ ನ್ಯೂಜೆರ್ಸಿಯಲ್ಲಿ ಕ್ರೆಡಿಟ್ ಕೇಳಬೇಡಿ.

ಎಡಿಸನ್ ಎಕ್ಸ್‌ಪ್ರೆಸ್

ಮೊದಲ ಉತ್ತರ ತಪ್ಪು ಕೊಟ್ಟೆ, ಇದಾದರೂ ಉಪಯೋಗಕ್ಕೆ ಬರಲಿ. ನ್ಯೂಜೆರ್ಸಿ ಒಳಗೇ ವರ್ಷದ ಮಧ್ಯೆ ಕೆಲಸ ಬದಲಾಯಿಸಿದವರು ಬಾಕ್ಸ್ 14 ನೋಡಿ. ಯುಐ, ಡಿಐ, ಎಫ್‌ಎಲ್‌ಐ (ನಿರುದ್ಯೋಗ, ಅನಾರೋಗ್ಯ, ಕುಟುಂಬ ರಜೆಯ ವಿಮೆ) ಅಂತ ಸಣ್ಣ ಸಣ್ಣ ಮೊತ್ತ ಇರುತ್ತದೆ. ಇವಕ್ಕೆ ವರ್ಷಕ್ಕೊಂದು ಮಿತಿ ಇದೆ. ಹೊಸ ಕಂಪನಿಗೆ ಹಳೆಯವರು ಹಿಡಿದದ್ದು ಗೊತ್ತಿರುವುದಿಲ್ಲ, ಅವರು ಮತ್ತೆ ಮೊದಲಿಂದ ಹಿಡಿಯುತ್ತಾರೆ. ಯುಐ ಗುಂಪಿಗೆ 2024ರ ಮಿತಿ 179.78 ಡಾಲರ್. ಅದಕ್ಕಿಂತ ಜಾಸ್ತಿ ಹೋಗಿದ್ದರೆ ಎನ್‌ಜೆ-2450 ಫಾರಂ ಮೂಲಕ ವಾಪಸ್. ಬಾಕ್ಸ್ 14ಕ್ಕೆ ಸರಿಯಾದ ಹೆಸರು ಆರಿಸಿದರೆ ಸಾಫ್ಟ್‌ವೇರೇ ಮಾಡುತ್ತದೆ. "ಇತರೆ" ಅಂತ ಆರಿಸಿದರೆ ದುಡ್ಡು ಅಲ್ಲೇ ಸತ್ತಿತು.

ಬೆಣ್ಣೆ ಬಿಸ್ಕತ್ತು

ಗುರುವೇ! 2024ರಲ್ಲಿ ನನ್ನ ಗಂಡ ಎರಡು ಕಂಪನಿ. ಈಗಲೇ ನೋಡುತ್ತೇನೆ.

ಓದೋ ಹುಡುಗಿ

ನಾನು ಎಫ್-1 (ವಿದ್ಯಾರ್ಥಿ ವೀಸಾ), ಮೊದಲ ವರ್ಷ ಮುಗಿಯುತ್ತಿದೆ. ಇದೇ ಸಾಫ್ಟ್‌ವೇರ್ ಬಳಸಲಾ?

ಕುಡ್ಲದ ಮೀನು

ಬೇಡ ತಂಗಿ. ಎಫ್-1ನವರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ 1040-ಎನ್‌ಆರ್ (ಅನಿವಾಸಿಗಳ ಫೆಡರಲ್ ಫಾರಂ) ಹಾಕಬೇಕು. ಎಲ್ಲರೂ ಬಳಸುವ ಸಾಫ್ಟ್‌ವೇರ್ ಹೆಚ್ಚಿನವು 1040 ಮಾತ್ರ ಮಾಡುತ್ತವೆ. ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿ, ತುಂಬ ಕಡೆ ಎನ್‌ಆರ್ ಸಾಫ್ಟ್‌ವೇರ್‌ಗೆ ಕೋಡ್ ಕೊಡುತ್ತಾರೆ. ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನಿಗದಿತ ಕಡಿತ) ಸಿಗುತ್ತದೆ, ಅದನ್ನು ಬಿಡಬೇಡಿ.

ಮಂಡ್ಯ ಮಣ್ಣು

ರಿಫಂಡ್ ಬಂದರೆ ಮುಂದಿನ ವರ್ಷ ಅದಕ್ಕೂ ಟ್ಯಾಕ್ಸ್ ಅಂತ ಕೇಳಿದ್ದೆ, 1099-ಜಿ ಅಂತ ಫಾರಂ ಬರುತ್ತಂತೆ?

ಶರಾವತಿ ತೀರ

ಹಿಂದಿನ ವರ್ಷ ಫೆಡರಲ್‌ನಲ್ಲಿ ಐಟಮೈಸ್ ಮಾಡಿ (ಕಡಿತಗಳನ್ನು ಒಂದೊಂದಾಗಿ ತೋರಿಸಿ), ಆ ಸ್ಟೇಟ್ ಟ್ಯಾಕ್ಸ್ ಕಳೆದುಕೊಂಡು ಲಾಭ ಪಡೆದಿದ್ದರೆ ಮಾತ್ರ. ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡವರಿಗೆ ಅದರ ಮೇಲೆ ತೆರಿಗೆ ಇಲ್ಲ.

ತಿಪಟೂರು ತೆಂಗು · ಮಾರ್ಚ್ 9

ಎರಡೂ ಕಳಿಸಿದೆ. ನ್ಯೂಜೆರ್ಸಿಗೆ ಬ್ಯಾಂಕಿನಿಂದ ನೇರ ಕಟ್ಟಿದೆ. ಕೊನೆಯಲ್ಲಿ "ಸಾಫ್ಟ್‌ವೇರ್ ಶುಲ್ಕ ರಿಫಂಡ್‌ನಿಂದಲೇ ಕಟ್ಟಿ" ಅಂತ ಒಂದು ಪುಟ ಬಂತು. ಒಳಗೆ ನೋಡಿದರೆ ಹಾಗೆ ಮಾಡುವುದಕ್ಕೇ ಬೇರೆ ಶುಲ್ಕ! ಕಾರ್ಡ್‌ನಲ್ಲೇ ಕೊಟ್ಟೆ. ರೆವ್-419 ಎಚ್‌ಆರ್‌ಗೆ ಕೊಟ್ಟಾಯಿತು.

ಕುಡ್ಲದ ಮೀನು

ಒಳ್ಳೆಯದು ಮಾಡಿದಿರಿ. ಪೆನ್ಸಿಲ್ವೇನಿಯಾದಿಂದ ಪತ್ರ ಬಂದರೆ ಗಾಬರಿ ಬೇಡ. ನ್ಯೂಜೆರ್ಸಿ ರಿಟರ್ನ್‌ನ ಪ್ರತಿ ಕೇಳುತ್ತಾರೆ. ನಿಜವಾಗಿ ಅಲ್ಲಿ ಕಟ್ಟಿದ್ದಾರಾ ಅಂತ ನೋಡೋಕೆ.

ತಿಪಟೂರು ತೆಂಗು · ಜೂನ್ 3

ಕುಡ್ಲದವರು ಹೇಳಿದ ಹಾಗೇ ಆಯಿತು. ಏಪ್ರಿಲ್ ಕೊನೆಗೆ ಪತ್ರ ಬಂತು. ಡಬ್ಲ್ಯೂ-2, ಎನ್‌ಜೆ-1040ರ ಪ್ರತಿ, ನ್ಯೂಜೆರ್ಸಿಗೆ ಕಟ್ಟಿದ ರಸೀದಿ ಮೂರನ್ನೂ ಪೆನ್ಸಿಲ್ವೇನಿಯಾದ ಮೈಪಾತ್ ಪೋರ್ಟಲ್‌ನಲ್ಲಿ ಹಾಕಿದೆ. ಮೊನ್ನೆ ಬುಧವಾರ ಬೆಳಿಗ್ಗೆ ಹೆಂಡತಿ ಫೋನ್ ತೋರಿಸಿದಳು, 2,947 ಖಾತೆಗೆ ಬಂದಿದೆ. ಅಮ್ಮನಿಗೆ ಟಿಕೆಟ್ ಮಾಡಿಸೋಕೆ ಅಂತ ಎತ್ತಿಟ್ಟಿದ್ದ ದುಡ್ಡಿನಿಂದ ನ್ಯೂಜೆರ್ಸಿಗೆ ಕಟ್ಟಿದ್ದೆ, ಅದು ತುಂಬಿತು. ಅಮ್ಮ ಆಗಸ್ಟ್‌ನಲ್ಲಿ ಬರುತ್ತಾರೆ. ಶರಾವತಿ ಅಕ್ಕ, ಆ ಭಾನುವಾರ ನೀವು ತಡೆಯದಿದ್ದರೆ ಆ ಸೊನ್ನೆಯನ್ನೇ ಕಳಿಸಿಬಿಡುತ್ತಿದ್ದೆ.

ಆದರೆ ಒಂದು ಹೊಸ ತೊಂದರೆ. ಪೇಸ್ಲಿಪ್‌ನಲ್ಲಿ ಈಗ ಪಿಎ ನಿಂತಿದೆ, ಎನ್‌ಜೆ ಶುರುವಾಗಿಲ್ಲ. ನಮಗೆ ನ್ಯೂಜೆರ್ಸಿಯಲ್ಲಿ ಆಫೀಸೇ ಇಲ್ಲ, ಹಿಡಿಯಲು ಆಗುವುದಿಲ್ಲ ಅಂತ ಎಚ್‌ಆರ್ ಉತ್ತರ.

ಶರಾವತಿ ತೀರ

ತುಂಬ ಸಂತೋಷ! ಅಮ್ಮನಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ.

ಅವರು ಹಿಡಿಯದಿದ್ದರೆ ನೀವೇ ವರ್ಷಕ್ಕೆ ನಾಲ್ಕು ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು, ಎನ್‌ಜೆ-1040-ಇಎಸ್ ಫಾರಂ. ಏಪ್ರಿಲ್ ಕಂತು ತಪ್ಪಿದೆ, ಎರಡನೆಯದರ ಜೊತೆ ಸೇರಿಸಿ ಕಟ್ಟಿ, ಬಡ್ಡಿ ಬೆಳೆಯುವುದು ನಿಲ್ಲುತ್ತದೆ. ಎರಡನೆಯದರ ಗಡುವು ಜೂನ್ 15. ಈ ಸಲ ಅದು ಭಾನುವಾರ, ಹಾಗಾಗಿ ಸೋಮವಾರ 16ರವರೆಗೆ ಸಮಯ ಇದೆ. ಇವತ್ತೇ ಮುಗಿಸಿಬಿಡಿ.

ತಿಪಟೂರು ತೆಂಗು

ಕಟ್ಟಿದೆ ಅಕ್ಕ. ರಸೀದಿ ಫೈಲಿಗೆ ಹಾಕಿದೆ.